ಹಿತ್ತಲ ಗಿಡ ಮದ್ದಲ್ಲ ಅಂದವರಾರು?

ಒಂದು ಕೈಲಿ ಕಾಫಿ ಲೋಟ, ಇನ್ನೊಂದು ಕೈಲಿ ಈ ಪತ್ರಿಕೆ ಹಿಡಿದು ಕೂತಿರುವ ಓದುಗ ಮಹಾಶಯರೇ, ಒಂದು ನಿಮಿಷ ಎದ್ದು ನಿಮ್ಮ ಮನೆಯ ಹಿತ್ತಲ ಬಾಗಿಲು ತೆಗೆದು ನೋಡಿ ಬನ್ನಿ. ಏನು ಕಂಡಿತು? ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಮಗ ಓಡಿಸಿ ಬಿಟ್ಟ ಸೈಕಲ್ಲು, ಗೃಹಪ್ರವೇಶದ ಕಾಲದಿಂದ ಹಾಗೇ ಬಿದ್ದಿರುವ ನಾಲ್ಕು ಇಟ್ಟಿಗೆ, ಕಲ್ಲಾಗಿ ಹೋದ ಅರ್ಧ ಚೀಲ ಸಿಮೆಂಟು. ಹೌದು ತಾನೆ?

ನಾಚಿಕೆಪಡಬೇಡಿ. ನಮ್ಮ ಮನೆಯ ಹಿತ್ತಲೂ 2019ರ ತನಕ ಹೀಗೇ ಇತ್ತು. ಈಗ ಅಲ್ಲಿ ಬದನೆ ಇದೆ, ಬೆಂಡೆ ಇದೆ, ಹೀರೆ ಬಳ್ಳಿ ಇದೆ, ಗೋಡೆಗೆ ಹಬ್ಬಿದ ಬಸಳೆ ಇದೆ. ಇದೆಲ್ಲ ನನ್ನ ಬುದ್ಧಿವಂತಿಕೆಯಿಂದ ಆಯಿತು ಅಂತ ತಿಳಿಯಬೇಡಿ. ನಾನು ಅಡ್ಡಗಾಲು ಹಾಕಿದವನು. ಅಡ್ಡಗಾಲು ಹಾಕಿದವನೇ ಇವತ್ತು ಕೈತೋಟದ ಪರ ವಕಾಲತ್ತು ವಹಿಸಲು ಹೊರಟಿದ್ದೇನೆ. ಕಾರಣ ಇದೆ, ಕೇಳಿ.

ಹಿತ್ತಲು ಹೋಯಿತು, ಪಾರ್ಕಿಂಗ್ ಬಂತು

ಚಾಮರಾಜಪುರಂ, ಲಕ್ಷ್ಮೀಪುರಂ ಕಡೆಯ ಹಳೇ ಮನೆಗಳನ್ನು ನೋಡಿದವರಿಗೆ ಗೊತ್ತು. ಮನೆ ಎಷ್ಟೋ, ಹಿತ್ತಲೂ ಹೆಚ್ಚುಕಡಿಮೆ ಅಷ್ಟು. ಒಂದು ತೆಂಗು, ಒಂದು ನುಗ್ಗೆ, ಒಂದು ಕರಿಬೇವು, ಬಚ್ಚಲ ನೀರು ಹೋಗುವ ಕಡೆ ಎರಡು ಬಾಳೆ. ಸಾರಿಗೆ ಒಗ್ಗರಣೆ ಇಟ್ಟ ಮೇಲೆ ಹಿತ್ತಲಿಗೆ ಹೋಗಿ ಕರಿಬೇವು ಕಿತ್ತು ತರುವಷ್ಟು ವ್ಯವಧಾನ ಆಗಿನವರಿಗಿತ್ತು. ಊರ ಹೆಸರಿನಲ್ಲೇ ಮಲ್ಲಿಗೆ ಇದೆ, ವೀಳ್ಯದೆಲೆ ಇದೆ. ಈರನಗೆರೆ ಬದನೆ ಅಂದರೆ ಹಳಬರ ಬಾಯಲ್ಲಿ ಇವತ್ತೂ ವಾಂಗಿಬಾತಿನ ನೀರೂರುತ್ತದೆ. ಊರು ಬೆಳೆಯಿತು, ಬದನೆ ಬೆಳೆದ ನೆಲದಲ್ಲಿ ಮನೆಗಳು ಎದ್ದವು.

ನಾವು ಕಟ್ಟಿದ್ದು ಕುವೆಂಪುನಗರದಾಚೆಯ ಬಡಾವಣೆಯೊಂದರಲ್ಲಿ, 30-40ರ ಸೈಟಿನಲ್ಲಿ. ಕಟ್ಟಿ ಉಳಿದದ್ದು ಹಿಂದೆ 5 ಅಡಿ ಅಗಲ, 30 ಅಡಿ ಉದ್ದದ ಒಂದು ಪಟ್ಟಿ. ಅದಕ್ಕೂ ಸಿಮೆಂಟು ಹಾಕಿಸಿಬಿಟ್ಟರೆ ಕಸ ಗುಡಿಸುವುದು ಸುಲಭ, ಎರಡು ಸ್ಕೂಟರ್ ನಿಲ್ಲಿಸಬಹುದು ಎನ್ನುವುದು ನನ್ನ ಯೋಜನೆ. 2019ರ ಮೇ ತಿಂಗಳಲ್ಲಿ ನಿವೃತ್ತಿ ಆಯ್ತು. ಹಾರ, ಶಾಲು, ಭಾಷಣ ಎಲ್ಲ ಮುಗಿಸಿಕೊಂಡು ಬಂದ ಮರುವಾರವೇ ಗಾರೆ ಕೆಲಸದವನನ್ನು ಕರೆಸಿದೆ. ಜಲ್ಲಿ, ಮರಳು ಬಂದು ಬಿತ್ತು.

ಸೀರೆ ಸೆರಗಿನ ಗಂಟು

ಆ ಹೊತ್ತಿಗೆ ಅವ್ವ ನಮ್ಮ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಹುಣಸೂರು ಕಡೆಯ ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ ಬೇಡ ಅಂತ ಕರೆತಂದಿದ್ದೆ. ಎಂಬತ್ತರ ಹೆಂಗಸು. ಊರಲ್ಲಿ ಇದ್ದಷ್ಟು ದಿನ ಸೂರ್ಯ ಹುಟ್ಟುವ ಮೊದಲೇ ಎದ್ದು ಕೊಟ್ಟಿಗೆ, ಹಿತ್ತಲು, ಹೊಲ ಅಂತ ಸುತ್ತಿದವಳು ಇಲ್ಲಿ ಟಿ.ವಿ. ಮುಂದೆ ಕೂತು ಗೋಡೆ ನೋಡತೊಡಗಿದಳು. ಊಟ ಅರ್ಧ ಮುದ್ದೆಗೆ ಇಳಿಯಿತು. ಮಾತು ಅದಕ್ಕಿಂತ ಕಡಿಮೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ನೋಡಿದರು, ಎದೆ ನೋಡಿದರು. "ಕಾಯಿಲೆ ಏನೂ ಇಲ್ಲ, ವಯಸ್ಸು" ಅಂದರು. ಟಾನಿಕ್ ಬರೆದುಕೊಟ್ಟರು. ಟಾನಿಕ್ ಸೀಸೆ ಕಪಾಟಿನಲ್ಲಿ ನಿಂತಿತು. ಅವ್ವ ಗೋಡೆ ನೋಡುತ್ತ ಕೂತಳು.

ಒಂದು ದಿನ ಮಧ್ಯಾಹ್ನ ಹಿತ್ತಲಲ್ಲಿ ಕರಕರ ಸದ್ದು. ಹೋಗಿ ನೋಡಿದರೆ ಅವ್ವ ಕುಕ್ಕರುಗಾಲಲ್ಲಿ ಕೂತು ಅಡುಗೆಮನೆಯ ಹಳೇ ಸೌಟಿನಿಂದ ನೆಲ ಕೆರೆಯುತ್ತಿದ್ದಾಳೆ! ಪಕ್ಕದಲ್ಲಿ ಸೆರಗಿನ ಗಂಟು ಬಿಚ್ಚಿಟ್ಟಿದ್ದಾಳೆ. ಗಂಟಿನಲ್ಲಿ ಬೂದಿ ಮೆತ್ತಿದ ಹತ್ತಿಪ್ಪತ್ತು ಅವರೆ ಬೀಜ. ಊರಿಂದ ಬರುವಾಗ ಒಡವೆ ತರಲಿಲ್ಲ, ಬೀಜ ತಂದಿದ್ದಳು. ನಾಲ್ಕು ತಿಂಗಳು ಅದನ್ನು ಟ್ರಂಕಿನ ಸೀರೆಗಳ ನಡುವೆ ಇಟ್ಟುಕೊಂಡಿದ್ದಳು, ನನಗೆ ಗೊತ್ತೇ ಇರಲಿಲ್ಲ.

ನನಗೆ ರೇಗಿತು. "ಅವ್ವ, ಇದೆಲ್ಲ ಯಾಕೆ? ನಾಳೆ ಇಲ್ಲಿಗೆ ಸಿಮೆಂಟು ಹಾಕ್ತಾರೆ. ಅವರೆಕಾಯಿ ಬೇಕಾದ್ರೆ ಮಾರ್ಕೆಟ್ಟಿಂದ ತರ್ತೀನಿ" ಅಂದೆ.

ಅವ್ವ ತಲೆ ಎತ್ತದೆ ಹೇಳಿದಳು: "ನಿಮ್ಮನೇಲಿ ನಂಗೇನ್ಲಾ ಕೆಲ್ಸ ಅದೆ? ಉಣ್ಣು, ಮನೀಕೊ, ಏಳು. ಮಣ್ಣಿನ ಮ್ಯಾಲೆ ಸಿಮೆಂಟ್ ಉಯ್ದ್ರೆ ಅದು ಉಸಿರಾಡೋದು ಹೆಂಗ್ಲಾ ಮಗ?"

ನಾಲ್ಕು ತಿಂಗಳಲ್ಲಿ ಆಕೆ ಆಡಿದ ಅತಿ ಉದ್ದದ ಮಾತು ಅದು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನನ್ನನ್ನೇ ನೋಡಿದಳು. ಗಾರೆಯವನಿಗೆ ಫೋನ್ ಮಾಡಿ ಬೇಡ ಅಂದೆ. ಅವನಿಗೆ ಕೊಟ್ಟಿದ್ದ ಐನೂರು ರೂಪಾಯಿ ಮುಂಗಡ ಇವತ್ತಿಗೂ ವಾಪಸ್ ಬಂದಿಲ್ಲ. ಹೋಗಲಿ ಬಿಡಿ.

ಮಣ್ಣು ಮೊದಲು, ಬೀಜ ಆಮೇಲೆ

ಕೈತೋಟ ಅಂದ ತಕ್ಷಣ ನಮ್ಮ ಜನ ಬೀಜದ ಅಂಗಡಿಗೆ ಓಡುತ್ತಾರೆ. ತಪ್ಪು. ಮೊದಲು ಮಣ್ಣು ನೋಡಿ. ಬಡಾವಣೆಯ ಸೈಟುಗಳ ಹಿತ್ತಲಲ್ಲಿರುವುದು ಮಣ್ಣಲ್ಲ, ಕಟ್ಟಡ ಕಟ್ಟಿದವರು ಹೂತಿಟ್ಟ ಜಲ್ಲಿ, ಗಾರೆ, ಟೈಲ್ಸ್ ಚೂರು. ಒಂದೂವರೆ ಅಡಿ ಅಗೆಸಿ ಅದನ್ನೆಲ್ಲ ತೆಗೆಸಿದೆವು. ಒಂದು ಟ್ರಾಕ್ಟರ್ ಕೆಂಪು ಮಣ್ಣು, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ತರಿಸಿ ಬೆರೆಸಿದೆವು. ಹಸಿ ಸಗಣಿ ಹಾಕಿದರೆ ಬೇರು ಸುಟ್ಟುಹೋಗುತ್ತೆ, ಗೊಣ್ಣೆಹುಳ ಬೀಳುತ್ತೆ; ಹಳೇ ಗೊಬ್ಬರವೇ ಆಗಬೇಕು. ಜಾಗಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಬೇಕು. ಅಷ್ಟು ಬಿಸಿಲಿಲ್ಲದ ಮೂಲೆಗೆ ಬದನೆ, ಟೊಮೇಟೊ ಹಾಕಿ ಅಳಬೇಡಿ. ದೊಡ್ಡಪತ್ರೆ, ಪುದೀನ ಹಾಕಿ.

ಮೊದಲು ಮೆಂತ್ಯ. ಅಡುಗೆಮನೆ ಡಬ್ಬಿಯ ಮೆಂತ್ಯವೇ ಸಾಕು. ರಾತ್ರಿ ನೆನೆಹಾಕಿ ಬೆಳಗ್ಗೆ ಚೆಲ್ಲಿದರೆ ನಾಲ್ಕೈದು ದಿನಕ್ಕೆ ಹಸಿರು ಕಾಣುತ್ತದೆ, ಇಪ್ಪತ್ತೈದು ದಿನಕ್ಕೆ ಸೊಪ್ಪು ಸಾರಿಗೆ ಬರುತ್ತದೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ಉಜ್ಜಿ ಎರಡು ಹೋಳು ಮಾಡಿ ಹಾಕಬೇಕು. ದಂಟು ಒಂದು ತಿಂಗಳು, ಬೆಂಡೆ ಒಂದೂವರೆ ತಿಂಗಳು, ಬದನೆ-ಟೊಮೇಟೊ ಸಸಿ ನೆಟ್ಟ ಮೇಲೆ ಎರಡು ತಿಂಗಳಿಗಿಂತ ಹೆಚ್ಚು. ಹೀಗೆ ಬೇಗ ಬರುವುದನ್ನೂ ನಿಧಾನ ಬರುವುದನ್ನೂ ಒಟ್ಟಿಗೆ ಹಾಕಿದರೆ ಬೇಸರ ಬರುವುದಿಲ್ಲ.

ಗೊಬ್ಬರ ಮುಂದಕ್ಕೆ ಕೊಂಡದ್ದೇ ಇಲ್ಲ. ಮೂಲೆಯಲ್ಲಿ ಎರಡು ಗುಂಡಿ. ಒಂದು ತುಂಬುವಾಗ ಇನ್ನೊಂದು ಕೊಳೆಯುತ್ತಿರುತ್ತದೆ. ತರಕಾರಿ ಸಿಪ್ಪೆ, ಚಹಾ ಚರಟ, ಬಾಡಿದ ಹೂವು, ಮೇಲೊಂದು ಪದರ ಒಣ ಎಲೆ, ಒಂದು ಬೊಗಸೆ ಮಣ್ಣು. ವಾಸನೆ ಬಂದರೆ ನೀರು ಹೆಚ್ಚಾಯಿತು ಅಂತ ಅರ್ಥ. ಇನ್ನಷ್ಟು ಒಣ ಎಲೆ ಹಾಕಿ. ಮೂರು ತಿಂಗಳಿಗೆ ಕರೀ ಮಣ್ಣಿನಂಥ ಗೊಬ್ಬರ. 2015ರಲ್ಲೂ 2016ರಲ್ಲೂ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ನಮ್ಮ ಮೈಸೂರು ಮೊದಲು ನಿಂತಿತು ಅಂತ ನಾವೆಲ್ಲ ಎದೆ ಉಬ್ಬಿಸಿದ್ದೆವು. ವಿದ್ಯಾರಣ್ಯಪುರದ ಸೂಯೇಜ್ ಫಾರಂನ ಕಸದ ಗುಡ್ಡದ ಗಾಳಿ ಕುಡಿದವರಿಗೆ ಆ ಹೆಮ್ಮೆಯ ಇನ್ನೊಂದು ಮುಖವೂ ಗೊತ್ತು. ನಮ್ಮ ಮನೆಯ ಹಸಿ ಕಸ ಐದು ವರ್ಷದಿಂದ ಗೇಟು ದಾಟಿಲ್ಲ. ಇದು ಸಣ್ಣ ಮಾತು. ಆದರೆ ಹೇಳಿಕೊಳ್ಳಲು ಖುಷಿ ಆಗುತ್ತದೆ.

ಲೆಕ್ಕದ ಪುಸ್ತಕ ಏನು ಹೇಳಿತು?

ಮೂವತ್ತೈದು ವರ್ಷ ಲೆಕ್ಕ ಬರೆದ ಕೈ. ಸುಮ್ಮನಿರುತ್ತದೆಯೇ? ಹೊಸ ನೋಟ್ ಪುಸ್ತಕ ತಂದು ಎರಡು ಕಡೆ ಗೆರೆ ಎಳೆದೆ. ಮೊದಲ ವರ್ಷದ ಖರ್ಚು: ಮಣ್ಣು 2,500, ಗೊಬ್ಬರ 1,200, ಆಳಿನ ಕೂಲಿ 1,600, ಚಪ್ಪರಕ್ಕೆ ಬಿದಿರು-ತಂತಿ 900, ಬೀಜ-ಸಸಿ 300. ಒಟ್ಟು 6,500 ರೂಪಾಯಿ. ಬಂದ ತರಕಾರಿಗೆಲ್ಲ ಮಾರ್ಕೆಟ್ ದರ ಕಟ್ಟಿದರೆ 2,140 ರೂಪಾಯಿ. ನಿವ್ವಳ ನಷ್ಟ 4,360.

ಪುಸ್ತಕ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಅವ್ವನಿಗೆ ಓದಿ ಹೇಳಿದೆ. "ಊಟದ ಲೆಕ್ಕ ಬರ್ದಿದ್ದೀಯೇನ್ಲಾ ಅದ್ರಾಗೆ?" ಅಂದಳು. ಅರ್ಥ ಆಗಲಿಲ್ಲ. ಒಳಗಿಂದ ಹೆಂಡತಿ ಹೇಳಿದಳು: "ಅತ್ತೆ ಈಗ ಒಂದೂವರೆ ಮುದ್ದೆ ಉಣ್ತಾರೆ ಕಣ್ರೀ. ನೋಡೇ ಇಲ್ವಾ?"

ನೋಡಿರಲಿಲ್ಲ. ಖರ್ಚು-ಜಮಾ ಎರಡೂ ಕಡೆ ಬರೆದವನು ಅದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ.

ಅಷ್ಟರಲ್ಲಿ 2020ರ ಮಾರ್ಚ್ ಬಂತು. ಲಾಕ್‌ಡೌನ್. ಊರು ಬಾಗಿಲು ಹಾಕಿತು. ಸೊಪ್ಪಿನ ಗಾಡಿ ಬರುವುದು ನಿಂತಿತು. ಆಗ ಅವ್ವನ ಆಡಳಿತ ಶುರುವಾಯಿತು ನೋಡಿ! ನಾವು ಕಳೆ ಅಂತ ಕಿತ್ತೆಸೆಯುತ್ತಿದ್ದ ಗಣಿಕೆ ಸೊಪ್ಪು, ಅಣ್ಣೆ ಸೊಪ್ಪು, ಹೊನಗೊನ್ನೆ ಎಲ್ಲ ಒಂದೊಂದು ಹಿಡಿ ಸೇರಿಸಿ ಬೆರಕೆ ಸೊಪ್ಪು. ಅದರಲ್ಲೇ ಒಂದು ದಿನ ಬಸ್ಸಾರು, ಒಂದು ದಿನ ಮಸ್ಸೊಪ್ಪು, ಒಂದು ದಿನ ಉಪ್ಪೆಸರು. ಪಕ್ಕದ ಮನೆಯ ಗೃಹಿಣಿ ಕಾಂಪೌಂಡಿನಾಚೆಯಿಂದ "ಅಜ್ಜಿ, ಒಂದು ಹಿಡಿ ಸೊಪ್ಪು ಇದ್ಯಾ?" ಅಂತ ಕೇಳುವುದು ವಾಡಿಕೆ ಆಯ್ತು. ಹತ್ತು ವರ್ಷ ಪಕ್ಕಪಕ್ಕ ಇದ್ದೂ ನಾವು ಆ ಮನೆಯವರ ಜೊತೆ ಪೇಪರ್ ಬಿಲ್ಲಿನ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಮಾತು ಶುರುವಾದದ್ದು ಸೊಪ್ಪಿನಿಂದ.

2023ರ ಜುಲೈ ನಿಮಗೂ ನೆನಪಿರಬೇಕು. ಟೊಮೇಟೊ ಕಿಲೋಗೆ ನೂರು ರೂಪಾಯಿ ದಾಟಿ ಓಡುತ್ತಿತ್ತು. ನಮ್ಮ ನಾಲ್ಕು ಗಿಡದಲ್ಲಿ ಒಟ್ಟು ಒಂದೂಕಾಲು ಕಿಲೋ ಹಣ್ಣು. ಲಾಕರಿನಲ್ಲಿಡೋಣವೇ ಅಂತ ನಾನು ತಮಾಷೆ ಮಾಡಿದೆ. ಅವ್ವ ಅದರಲ್ಲಿ ಅರ್ಧ ಪಕ್ಕದ ಮನೆಗೆ ಕೊಟ್ಟು ಬಂದಳು. "ಬೆಲೆ ಇಲ್ದಾಗ ಯಾರ್ ಬೇಕಾದ್ರೂ ಕೊಡ್ತಾರೆ" ಅಂದಳು.

ಎಲ್ಲ ಸೊಗಸು ಅಂತಲೂ ಹೇಳಲಾರೆ. ಚಾಮುಂಡಿ ಬೆಟ್ಟದ ಕಡೆಯಿಂದಲೋ ಎಲ್ಲಿಂದಲೋ ಕೋತಿಗಳ ಗುಂಪು ಬಂದು ಒಂದೇ ಬೆಳಗ್ಗೆ ಹೀರೆ ಚಪ್ಪರ ನೆಲ ಕಚ್ಚಿಸಿತು. ಹಾಗಲಕಾಯಿಗೆ ನೊಣ ಚುಚ್ಚಿ ಒಳಗೆಲ್ಲ ಹುಳ. ಎಳೆಗಾಯಿ ಇರುವಾಗಲೇ ಕಾಗದದ ಪೊಟ್ಟಣ ಕಟ್ಟಬೇಕು ಅನ್ನುವುದು ಎರಡು ಫಸಲು ಹೋದ ಮೇಲೆ ತಿಳಿಯಿತು. ಮಳೆಗಾಲದ ಬಸವನಹುಳುಗಳನ್ನು ರಾತ್ರಿ ಟಾರ್ಚ್ ಹಿಡಿದು ಆರಿಸಿದ್ದೇನೆ. ನನಗೆ ಸಕ್ಕರೆ ಕಾಯಿಲೆ ಇದೆ. ತೋಟ ಮಾಡಿದ ಮೇಲೆ ಮಾತ್ರೆ ನಿಂತಿತೇ ಅಂತ ಕೆಲವರು ಕೇಳುತ್ತಾರೆ. ಇಲ್ಲ ಸ್ವಾಮಿ, ನಿಂತಿಲ್ಲ. ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಬೆಳಗ್ಗೆ ಒಂದು ಗಂಟೆ ಬಗ್ಗಿ ಎದ್ದು ಬೆವರು ಬರುತ್ತದೆ, ತಟ್ಟೆಯಲ್ಲಿ ಸೊಪ್ಪು ಇರುತ್ತದೆ, ರಾತ್ರಿ ನಿದ್ದೆ ಬರುತ್ತದೆ. ನಿವೃತ್ತಿಯಾದ ಗಂಡಸಿಗೆ ಬೆಳಗ್ಗೆ ಏಳಲು ಒಂದು ಕಾರಣ ಬೇಕು. ಇಲ್ಲದಿದ್ದರೆ ಅವನು ಮನೆಯವರ ತಪ್ಪು ಹುಡುಕಲು ಏಳುತ್ತಾನೆ. ನನ್ನ ಹೆಂಡತಿಯನ್ನು ಬೇಕಾದರೆ ಕೇಳಿ.

ಅವರೆ ಚಪ್ಪರದ ಕೆಳಗೆ

ಆದರೆ ನಿಜವಾದ ಫಲ ಯಾವುದೆಂದರೆ, ಅದು ಬೇರೆ.

ಆಷಾಢದಲ್ಲಿ ಹಾಕಿದ ಚಪ್ಪರದವರೆ ಕಾಯಿ ಕಚ್ಚುವುದು ಚಳಿಗಾಲಕ್ಕೆ. ಮಂಜು ಬಿದ್ದಷ್ಟೂ ಸೊಗಡು. ಹೂವಿಗೆ, ಎಳೆ ಕುಡಿಗೆ ಕರೀ ಹೇನು ಮುತ್ತುತ್ತದೆ. ಬೆಳಗ್ಗೆ ಎಲೆಯ ಮೇಲೆ ಇನ್ನೂ ಇಬ್ಬನಿ ಇರುವಾಗಲೇ ಸೌದೆ ಬೂದಿ ಎರಚಬೇಕು, ಆಗ ಮೆತ್ತಿಕೊಳ್ಳುತ್ತದೆ. ಹಾಗಾಗಿ ಡಿಸೆಂಬರಿನ ಚಳಿಯಲ್ಲಿ ಆರು ಗಂಟೆಗೆ ನಾನು ಮಫ್ಲರ್ ಸುತ್ತಿಕೊಂಡು ಬೂದಿ ಎರಚುವುದು, ಅವ್ವ ಕುಳ್ಳು ಮಣೆ ಹಾಕಿಕೊಂಡು "ಅಲ್ಲಿ ಹಾಕು, ಇಲ್ಲಿ ಹಾಕು" ಅನ್ನುವುದು.

ಹದಿನೇಳನೇ ವಯಸ್ಸಿಗೆ ಓದಲು ಮೈಸೂರಿಗೆ ಬಂದವನು ನಾನು. ಅಲ್ಲಿಂದ ಈಚೆಗೆ ಅವ್ವನ ಜೊತೆ ಕೂತು ಐದು ನಿಮಿಷಕ್ಕಿಂತ ಹೆಚ್ಚು ಮಾತಾಡಿದ ನೆನಪೇ ಇಲ್ಲ. ಹಬ್ಬಕ್ಕೆ ಹೋಗುವುದು, ಊಟ ಮಾಡುವುದು, ಕೊನೇ ಬಸ್ಸಿಗೆ ಓಡುವುದು. ಈಗ ಚಪ್ಪರದ ಕೆಳಗೆ ದಿನಾ ಒಂದು ಗಂಟೆ. ಮಣ್ಣಿನಲ್ಲಿ ಕೈ ಇದ್ದರೆ ಮಾತು ತಾನಾಗಿ ಬರುತ್ತದೆ, ಮುಖ ನೋಡಬೇಕಾಗಿಲ್ಲವಲ್ಲ. ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣು ಹೂವು, ಬರೀ ತೊಟ್ಟಿದ್ದರೆ ಗಂಡು. ಹೀರೆ ಹೂ ಅರಳುವುದು ಸಂಜೆಗೆ, ಕುಂಬಳ ಅರಳುವುದು ಮುಂಜಾನೆಗೆ. ಡಿಗ್ರಿ ಓದಿದ ನನಗೆ ಇದನ್ನೆಲ್ಲ ಹೇಳಿಕೊಟ್ಟದ್ದು ಹೆಬ್ಬೆಟ್ಟು ಒತ್ತುವ ಅವ್ವ.

ಒಂದು ದಿನ ಅವರೆಕಾಯಿ ಬಿಡಿಸುತ್ತ ಹಾಗೇ ಅಂದಳು: "ನಿನ್ ಕಾಲೇಜು ಫೀಸು ಇದೇ ಕಾಯಿ ಅಲ್ವೇನ್ಲಾ?"

"ಏನವ್ವ ಹಂಗಂದ್ರೆ?"

"ನಿಮ್ಮಪ್ಪಯ್ಯನ್ ತಾವ ಎಲ್ಲಿತ್ಲಾ ದುಡ್ಡು? ಹಿತ್ಲವರೆ ಮಕ್ಕರೀಲಿ ಹೊತ್ಕೊಂಡು ಹುಣಸೂರ್ ಸಂತೇಲಿ ಮಾರ್ತಿದ್ದೆ. ಮೂರ್ ವರ್ಷ. ನಿಂಗೆ ಹೇಳ್ಬ್ಯಾಡ ಅಂದಿದ್ರು ನಿಮ್ಮಪ್ಪಯ್ಯ. ಓದೋ ಹುಡ್ಗನ್ ಮನ್ಸು ಕೆಡ್ತದೆ ಅಂತ."

1976ರಿಂದ 79. ಅಪ್ಪ ಸಾಲ ಮಾಡಿ ಓದಿಸಿದರು ಅಂತ ನಾನು ನಲವತ್ತು ವರ್ಷ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದೆ. ನಿವೃತ್ತಿಯ ಭಾಷಣದಲ್ಲೂ ಹೇಳಿದ್ದೆ. ಮುಂದಿನ ಸಾಲಿನಲ್ಲಿ ಅವ್ವ ಕೂತಿದ್ದಳು. ಕೇಳಿಸಿಕೊಂಡು ಸುಮ್ಮನಿದ್ದಳು.

ಅಂದಿನಿಂದ ಲೆಕ್ಕದ ಪುಸ್ತಕ ಮುಚ್ಚಿಟ್ಟೆ. ಆ ಹಿತ್ತಲಿಗೆ ಸಿಮೆಂಟು ಹಾಕಿಸಿದ್ದರೆ ಈ ಮಾತು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಕೆಂಪು ದಾರ

2022ರ ದಸರೆಗೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ತರಕಾರಿಯಲ್ಲಿ ಕೆತ್ತಿದ ನವಿಲು, ಮೊಸಳೆ ನೋಡಿ ಜನ ಚಪ್ಪಾಳೆ ಹೊಡೆದರೆ ಅವ್ವ, "ತಿನ್ನೋ ಪದಾರ್ಥ ಹಿಂಗ್ ಹಾಳ್ ಮಾಡವ್ರಲ್ಲಪ್ಪ" ಅಂತ ಮುಖ ತಿರುಗಿಸಿದಳು. ಹೂವಿನ ಹಾಸಿಗೆಗಳನ್ನು ಬಿಟ್ಟು ಅವುಗಳ ಬುಡದ ಮಣ್ಣು ಮುಟ್ಟಿ ನೋಡಿ, "ಮಣ್ಣು ಚಂದಾಗದೆ" ಅಂತ ಸರ್ಟಿಫಿಕೇಟು ಕೊಟ್ಟಳು.

2024ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರ, ಅವ್ವ ಹೋದಳು. ಆಸ್ಪತ್ರೆ, ನರಳಾಟ ಏನೂ ಆಗಲಿಲ್ಲ. ಹಿಂದಿನ ಸಂಜೆ ಹಿತುಕಿದವರೆ ಸಾರಿನಲ್ಲಿ ಉಂಡು ಮಲಗಿದ್ದಳು.

ಹನ್ನೊಂದನೇ ದಿನದ ಅಡುಗೆಗೆ ಅವರೆಕಾಯಿ ಕೀಳಲು ಚಪ್ಪರದಡಿ ಹೋದೆ. ಹತ್ತು ಹದಿನೈದು ದಪ್ಪ ಕಾಯಿಗಳ ತೊಟ್ಟಿಗೆ ಕೆಂಪು ದಾರ ಕಟ್ಟಿತ್ತು. ಹೆಂಡತಿ ಹೇಳಿದಳು, "ಅದನ್ನ ಮುಟ್ಬೇಡಿ. ಬೀಜಕ್ಕೆ ಅಂತ ಅತ್ತೆ ಗುರುತು ಮಾಡಿದ್ರು." ಪ್ರತಿ ವರ್ಷ ಹೀಗೇ ಒಳ್ಳೆಯ ಕಾಯಿ ನೋಡಿ ಗುರುತು ಹಾಕುತ್ತಿದ್ದಳಂತೆ. ಒಳ್ಳೆಯದನ್ನು ತಿನ್ನಬಾರದು, ಮುಂದಕ್ಕೆ ಬಿಡಬೇಕು ಅನ್ನುವುದು ಅವ್ವನ ಕಾನೂನು. ಫೆಬ್ರವರಿಯಲ್ಲಿ ಅವು ಗಲಗಲ ಅನ್ನುವ ಹಾಗೆ ಒಣಗಿದವು. ಬಿಡಿಸಿ, ಬೂದಿಯಲ್ಲಿ ಹೊರಳಿಸಿ, ಖಾಲಿಯಾದ ಆ ಹಳೇ ಟಾನಿಕ್ ಸೀಸೆಗೆ ತುಂಬಿಟ್ಟೆ. ಆಷಾಢದಲ್ಲಿ ನಾನೇ ನೆಟ್ಟೆ. ಬಂತು.

ಈಗ ಮಗ ಹೇಳುತ್ತಿದ್ದಾನೆ, "ಅಪ್ಪ, ಹಿಂದೆ ಒಂದು ರೂಮ್ ಎತ್ತಿಸಿದ್ರೆ ಬಾಡಿಗೆ ಬರುತ್ತೆ." ಅವನ ಲೆಕ್ಕ ತಪ್ಪಲ್ಲ. ಅವನ ವಯಸ್ಸಿನಲ್ಲಿ ನನ್ನದೂ ಅದೇ ಲೆಕ್ಕ. ಜಗಳ ಆಡಲಿಲ್ಲ. ಕಳೆದ ಭಾನುವಾರ ಅವನ ಮಗಳನ್ನು ಚಪ್ಪರದಡಿ ಕರೆದುಕೊಂಡು ಹೋಗಿ ಒಂದು ಉಂಡೆ ಕೆಂಪು ದಾರ ಕೈಗೆ ಕೊಟ್ಟೆ. ಅರ್ಧ ಗಂಟೆ ಹುಡುಕಿ ಹುಡುಕಿ ಕಟ್ಟಿದಳು. ಅವಳಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ರೂಮಿನ ಮಾತು ಈ ವಾರ ಎತ್ತಿಲ್ಲ. ಮುಂದಿನ ವಾರ ಎತ್ತಿದರೆ ನೋಡೋಣ.

ಕಡೆಗೊಂದು ಮಾತು

ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಮಾಡಿಟ್ಟಿದ್ದಾರೆ. ಹತ್ತಿರವಿದ್ದದ್ದಕ್ಕೆ ಬೆಲೆ ಕೊಡೆವು ಅನ್ನುವ ನಮ್ಮ ಬುದ್ಧಿಯನ್ನು ಕಂಡೇ ಹಿರಿಯರು ಹಾಗಂದದ್ದು. ಗಿಡಕ್ಕೂ ಅಷ್ಟೇ, ಮನೆಯ ಮೂಲೆಯಲ್ಲಿ ಗೋಡೆ ನೋಡುತ್ತ ಕೂತ ಹಿರಿಯರಿಗೂ ಅಷ್ಟೇ.

ಹಿತ್ತಲಿಲ್ಲದವರು ತಾರಸಿಯ ಮೇಲೆ ಹಳೇ ಬಕೆಟ್ಟು ಇಡಿ. ತಳಕ್ಕೆ ತೂತು ಮಾಡುವುದು ಮರೆಯಬೇಡಿ, ನೀರು ನಿಂತರೆ ಬೇರು ಕೊಳೆಯುತ್ತದೆ. ಅಕ್ಕಿ ತೊಳೆದ ನೀರು ಚೆಲ್ಲಬೇಡಿ. ಇವತ್ತು ರಾತ್ರಿಯೇ ಒಂದು ಹಿಡಿ ಮೆಂತ್ಯ ನೆನೆಹಾಕಿ. ಮನೆಯಲ್ಲಿ ಹಿರಿಯರಿದ್ದರೆ "ಎಷ್ಟು ಆಳಕ್ಕೆ ಹಾಕಲಿ?" ಅಂತ ಕೇಳಿ. ಗೊತ್ತಿದ್ದರೂ ಕೇಳಿ.

ಚಪ್ಪರದವರೆ ಬೀಜ ಬೇಕಾದವರು ಆಷಾಢಕ್ಕೆ ಮುಂಚೆ ಪತ್ರಿಕಾ ಕಚೇರಿಗೆ ಬಂದು ಕೇಳಿ. ತಲೆಗೆ ಐದು ಬೀಜ. ಕಾಸು ಬೇಡ. ಷರತ್ತು ಒಂದೇ: ಒಳ್ಳೆಯ ಕಾಯಿಗೆ ಕೆಂಪು ದಾರ ಕಟ್ಟಿ, ಮರುವರ್ಷ ಇನ್ನೈದು ಜನಕ್ಕೆ ಕೊಡಬೇಕು.